ನೀಲ್ ದ್ವೀಪದಲ್ಲಿ ಆಷಾಢ

ಜೂನ್ 15, ಭಾನುವಾರ. ನಿಗಡಿ, ಪುಣೆ

ಮದುವೆಯಾಗಿ ಒಂದು ತಿಂಗಳು! ಬೆಳಿಗ್ಗೆ ಎದ್ದು ಕನ್ನಡಿಯಲ್ಲಿ ನನ್ನ ತಾಳಿಯನ್ನು ನಾನೇ ನೋಡಿಕೊಂಡು ನಕ್ಕೆ. ಪೂರ್ತಿ ಹುಚ್ಚಿಯಾಗಿದ್ದೇನೆ, ಹೀಗೇ ಇದ್ದುಬಿಡುವ ಆಸೆ.

ಈ ದಿನಚರಿ ಇವತ್ತಿನಿಂದ ಶುರು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಭಾಷಾಪ್ರೇಮ ಕಾರಣವಲ್ಲ. ನನ್ನ ಗಂಡ ಮನೋಹರ, ನನ್ನ ಮನು, ಪುಣೆಯಲ್ಲೇ ಹುಟ್ಟಿ ಮರಾಠಿ ಶಾಲೆಯಲ್ಲಿ ಓದಿದವನು. ಕನ್ನಡ ಮಾತಾಡುತ್ತಾನೆ, ಓದಲು ಬರುವುದಿಲ್ಲ. ಅವನನ್ನು ನಾನು ಎಷ್ಟು ಹೊಗಳುತ್ತೇನೆಂದು ಅವನಿಗೇ ಗೊತ್ತಾದರೆ ಕಷ್ಟ.

ಏನು ಹೊಗಳಲಿ? ಅವನ ಬಾಯಲ್ಲಿ ‘ಇಲ್ಲ’ ಎನ್ನುವ ಮಾತೇ ಬರುವುದಿಲ್ಲ. ಹಿಂಜೇವಾಡಿಯ ನಮ್ಮ ಆಫೀಸಿನಲ್ಲಿ ಎಲ್ಲ ಟೀಮುಗಳಿಗೂ ಅವನೇ ಬೇಕು. ಯಾರನ್ನೂ ನೋಯಿಸದ ಗಂಡಸನ್ನು ನಾನು ಮೊದಲ ಸಲ ನೋಡಿದ್ದು ಅಲ್ಲೇ, ಕ್ಯಾಂಟೀನಿನ ಸಾಲಿನಲ್ಲಿ. ತನ್ನ ಮುಂದೆ ಐದಾರು ಜನರನ್ನು ಬಿಟ್ಟುಕೊಟ್ಟು ಕೊನೆಗೆ ಊಟವೇ ಸಿಗದೆ ನಿಂತಿದ್ದ.

ಮನೆಯಲ್ಲಿ ಮಾವ, ಅತ್ತೆ, ನಾವಿಬ್ಬರು. ಮಾವ ಅಂಬಾರಾಯ ಕಲಬುರ್ಗಿ ಕಡೆಯವರು. ತಳೇಗಾಂವದ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುತ್ತಲೇ ನಿವೃತ್ತರಾದರು. ಅತ್ತೆ ಭುವನೇಶ್ವರಿ ಕಡಿಮೆ ಮಾತಿನವರು. ನನ್ನನ್ನು ಕಂಡರೆ ನಗುತ್ತಾರೆ, ಆಮೇಲೆ ಒಳಗೆ ಹೋಗುತ್ತಾರೆ.

ಒಂದು ಗುಟ್ಟು: ಮದುವೆಗೆ ಮುಂಚೆಯೇ ನಾವಿಬ್ಬರೂ ಮಾತಾಡಿಕೊಂಡಿದ್ದೇವೆ, ಬೇರೆ ಮನೆ ಮಾಡುವುದು ಅಂತ. ನಮ್ಮ ಆಫೀಸಿನ ಮಂದಾರಾ ತಳೇಗಾಂವದ ತನ್ನ ಫ್ಲ್ಯಾಟನ್ನು ನಮಗೇ ಬಾಡಿಗೆಗೆ ಕೊಡುತ್ತಾಳೆ, ಶ್ರಾವಣದವರೆಗೆ ಕಾಯುತ್ತೇನೆ ಅಂದಿದ್ದಾಳೆ. ಹಿಂದಿನ ಬಾಲ್ಕನಿಯಿಂದ ಬೆಟ್ಟ ಕಾಣುತ್ತದೆ! ಮನು ಅತ್ತೆಗೆ ಹೇಳುವುದೊಂದೇ ಬಾಕಿ.

“ಅವ್ವನ ಎದಿ ಒಡೀತದ, ಇಂಪು. ಮೆಲ್ಲಕ ಹೇಳ್ತೀನಿ,” ಅಂದ. ತಾಯಿಯ ಎದೆಯ ಬಗ್ಗೆ ಇಷ್ಟು ಯೋಚಿಸುವವನು ನನ್ನದರ ಬಗ್ಗೆ ಇನ್ನೆಷ್ಟು ಯೋಚಿಸಿಯಾನು!

ಜೂನ್ 19, ಗುರುವಾರ

ಪಾದಯಾತ್ರೆಯ ಪಲ್ಲಕ್ಕಿ, ಇಲ್ಲಿಯವರ ಪಾಲಖಿ, ಬಂದಿದ್ದರಿಂದ ರಸ್ತೆಯೆಲ್ಲ ಬಂದ್, ಆಫೀಸಿನ ಕೆಲಸ ಮನೆಯಿಂದಲೇ. ಅತ್ತೆ ಬೆಳಿಗ್ಗೆಯಿಂದ ಗೇಟಿನ ಹತ್ತಿರ ನಿಂತು ವಾರಕರಿ ಯಾತ್ರಿಕರಿಗೆ ಚಹಾ ಕೊಡುತ್ತಿದ್ದರು. ನಾನೂ ಸೆರಗು ಸಿಕ್ಕಿಸಿ ಹೊರಟೆ. ಮನು ತಡೆದ: “ನೀ ಬ್ಯಾಡ. ಆ ಕೆಲಸ ಅವ್ವಗ ಒಬ್ಬಾಕಿನೇ ಮಾಡ್ಬೇಕು. ಯಾರರ ನಡುವ ಬಂದ್ರ ಸೇರೂದಿಲ್ಲ.” ಹೌದಲ್ಲ, ಎಲ್ಲರಿಗೂ ತಮ್ಮದೇ ಒಂದು ಜಾಗ ಬೇಕು. ಕಿಟಕಿಯಿಂದ ನೋಡಿದೆ.

ಮಧ್ಯಾಹ್ನ ತಿಪಟೂರಿನಿಂದ ಅಮ್ಮನ ಫೋನು. “ಇಂಪೂ, ಇಪ್ಪತ್ತಾರಕ್ಕೆ ಆಷಾಢ ಕಣೇ. ಹೊಸ ಸೊಸೆ, ಅತ್ತೆ ಒಂದೇ ಹೊಸ್ತಿಲು ದಾಟಬಾರದು. ಬಂದುಬಿಡು.” ಇಡೀ ತಿಂಗಳು ಮನು ಇಲ್ಲದೆ! ನಾನು ಅತ್ತೇಬಿಟ್ಟೆ.

ಮನು ಎಷ್ಟು ಬುದ್ಧಿವಂತ ನೋಡಿ. ಆಷಾಢದಲ್ಲೇ ಹನಿಮೂನ್! ಅಂಡಮಾನ್! ಅತ್ತೆಯ ಮನೆಯಲ್ಲೂ ಇಲ್ಲ, ತವರಿನಲ್ಲೂ ಇಲ್ಲ. ನಾನು ಕುಣಿದೆ. ಕುಣಿದು ಮುಗಿದ ಮೇಲೆ ಅವನು ಮೆಲ್ಲಗೆ ಅಂದ: “ಅವ್ವ ಸಮುದ್ರಾನೇ ನೋಡಿಲ್ಲ. ನಾನೂ ಬರ್ತೀನಂತ ಆಸಿಪಟ್ಟು ಕೇಳಿದ್ಳು. ಹ್ಯಾಂಗ ಬ್ಯಾಡ ಅನ್ಲಿ? ಅಪ್ಪನೂ ಬರ್ತಾನ.”

ಕುಣಿಯುವಾಗ ಜಾರಿದ ಸೆರಗನ್ನು ಸರಿಮಾಡಿಕೊಂಡೆ. ಆಮೇಲೆ ಯೋಚಿಸಿದೆ, ಅಪ್ಪ-ಅಮ್ಮನನ್ನು ಹನಿಮೂನಿಗೆ ಕರೆದೊಯ್ಯುವಷ್ಟು ದೊಡ್ಡ ಮನಸ್ಸು ಯಾರಿಗಿದೆ? ನಮ್ಮಿಬ್ಬರಿಗೆ ಒಂದು ಕಾಟೇಜು, ಅವರಿಬ್ಬರಿಗೆ ಇನ್ನೊಂದು. ಬೇರೆ ಬೇರೆ ಹೊಸ್ತಿಲು. ಫ್ಲ್ಯಾಟಿನ ವಿಷಯವನ್ನೂ ಅಲ್ಲೇ, ಸಮುದ್ರದ ಮುಂದೆ ಹೇಳುತ್ತಾನಂತೆ. ಅಮ್ಮ ಫೋನಿನಲ್ಲಿ “ಹಿರಿಯರು ಜೊತೆಗಿದ್ದರೆ ಒಳ್ಳೆಯದೇ… ಆಷಾಢದಲ್ಲಿ…” ಎಂದು ಏನೋ ಹೇಳಲು ಹೋಗಿ ಕೆಮ್ಮಿದಳು.

ಜೂನ್ 26, ಗುರುವಾರ. ಪೋರ್ಟ್ ಬ್ಲೇರ್

ವಿಮಾನದ ಬಾಗಿಲು ಹೊಸ್ತಿಲೋ ಅಲ್ಲವೋ? ಇದು ನಮ್ಮ ಪ್ರಯಾಣದ ಮೊದಲ ಪ್ರಶ್ನೆ. “ನಮ್ಮ ಕಲಬುರ್ಗಿ ಕಡೆ ಆಷಾಢ ಭಾಳ ಕಟ್ಟುನಿಟ್ಟು. ಅವ್ವ ಒಂದು ಮಾತೂ ಅನ್ನೂದಿಲ್ಲ, ಒಳಗೊಳಗ ಕೊರಗ್ತಾಳ,” ಎಂದು ಮನು ಮೊದಲೇ ಎಚ್ಚರಿಸಿದ್ದ. ಪುಣೆಯಲ್ಲಿ ಅವರು ಮುಂದಿನ ಮೆಟ್ಟಿಲಿನಿಂದ ಹತ್ತಿದರು, ನಾವು ಹಿಂದಿನಿಂದ. ಸಲೀಸು.

ಚೆನ್ನೈನಲ್ಲಿ ಇದ್ದದ್ದು ಒಂದೇ ಬಾಗಿಲು. ನಡುವೆ ಇಡೀ ವಿಮಾನದ ಜನ ಹತ್ತಿದರೆ ದೋಷ ತಟ್ಟುವುದಿಲ್ಲವೆಂದು ಮನು ಲೆಕ್ಕ ಹಾಕಿ ನನ್ನನ್ನು ಕೊನೆಗೆ ನಿಲ್ಲಿಸಿದ. ಎಷ್ಟು ಕೊನೆಗೆ ಅಂದರೆ ಮೈಕಿನಲ್ಲಿ ನನ್ನ ಹೆಸರು ಕೂಗಿದರು. ಓಡಿದೆ. ಒಳಗೆ ಹೋದಾಗ ಮುಂದಿನ ಸಾಲಿನಲ್ಲಿದ್ದ ಅತ್ತೆ ನನ್ನನ್ನು ನೋಡಿ ಏನೋ ಹೇಳಲು ಬಾಯಿ ತೆರೆದರು. ಮನು ಹಿಂದಿನಿಂದ “ನಡಿ, ನಡಿ” ಅಂದ. ಬೈಯುವವರಿದ್ದರೇನೋ. ನನ್ನ ಗಂಡ ನನ್ನನ್ನು ಉಳಿಸಿದ.

ಜೂನ್ 28, ಶನಿವಾರ. ನೀಲ್ ದ್ವೀಪ

ಅಯ್ಯೋ, ಈ ನೀಲಿ! ಇಷ್ಟು ಬಗೆಯ ನೀಲಿಗೆ ಕನ್ನಡದಲ್ಲಿ ಹೆಸರಿದೆಯೋ ಇಲ್ಲವೋ. ತೆಂಗಿನಮರಗಳೂ ಇವೆ, ತಿಪಟೂರಿನವಳಿಗೆ ಅದನ್ನೇನು ಬರೆಯುವುದು.

ನಮ್ಮ ಕಾಟೇಜು ಒಂದು ತುದಿಗೆ, ಅತ್ತೆ-ಮಾವನದು ಇನ್ನೊಂದು ತುದಿಗೆ. ಮಾವನಿಗೆ ಬಂದ ಗಳಿಗೆಯಲ್ಲೇ ರೆಸಾರ್ಟಿನ ಜನರೇಟರ್ ಕೆಟ್ಟ ಸದ್ದು ಮಾಡುತ್ತಿದೆ ಅನ್ನಿಸಿದೆ. ಆಗಿನಿಂದ ಅವರು ಅದರ ಹತ್ತಿರವೇ ಇದ್ದಾರೆ.

ಊಟದ ಮನೆಗೂ ಹೊಸ್ತಿಲಿದೆ. ಅಂಥಿಂಥದ್ದಲ್ಲ, ಏಡಿ, ಮರಳು ಒಳಗೆ ಬರದಿರಲೆಂದು ಮೊಳಕಾಲೆತ್ತರಕ್ಕೆ ಕಟ್ಟಿದ ಸಿಮೆಂಟಿನದು. ಹಾಗಾಗಿ ನಾವ್ಯಾರೂ ಅಲ್ಲಿ ಊಟ ಮಾಡುವಂತಿಲ್ಲ. ಪುಣ್ಯಕ್ಕೆ ಅತ್ತೆ ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಒಂದು ಚೀಲದ ತುಂಬ ತಂದಿದ್ದಾರೆ. ಮನು ಎರಡೂ ಹೊತ್ತು ನಮ್ಮ ಪಾಲು ತಂದುಕೊಡುತ್ತಾನೆ. “ತಿನ್ನಲಿಲ್ಲಂದ್ರ ಅವ್ವ ಬ್ಯಾಸರ ಮಾಡ್ಕೋತಾಳ,” ಅಂದ. ತಿಂದೆ. ಹಲ್ಲಿಗೆ ಒಳ್ಳೆಯ ವ್ಯಾಯಾಮ.

ಫ್ಲ್ಯಾಟಿನ ಮಾತು ನಾಳೆಯಂತೆ. ಇವತ್ತು ಅವ್ವನಿಗೆ ಪ್ರಯಾಣದ ದಣಿವು.

ಜೂನ್ 29, ಭಾನುವಾರ

ತಳಕ್ಕೆ ಗಾಜು ಹಾಕಿದ ದೋಣಿ! ಅದರಲ್ಲಿ ಕೂತರೆ ಕೆಳಗಿನ ಹವಳ, ಮೀನು ಎಲ್ಲ ಕಾಣುತ್ತದಂತೆ. ನಾನು ಟೋಪಿ, ಕನ್ನಡಕ ಹಾಕಿಕೊಂಡು ಸಿದ್ಧವಾದೆ. ಮನು ಬಂದು ಮಂಚದ ಮೇಲೆ ಕೂತ. ಅತ್ತೆ ಅವನ ಕೈ ಹಿಡಿದುಕೊಂಡು “ಮಗನ, ನೀರಿಗೆ ಹೋಗಬ್ಯಾಡ” ಎಂದು ಕಣ್ಣೀರು ಹಾಕಿದರಂತೆ. ಹೆತ್ತ ಕರುಳು. ನಾನು ಟೋಪಿ ತೆಗೆದಿಟ್ಟೆ. ಇಬ್ಬರೂ ಕಾಟೇಜಿನಲ್ಲೇ ಕೂತು ಅವನ ಮೊಬೈಲಿನಲ್ಲಿ ಹವಳದ ವಿಡಿಯೊ ನೋಡಿದೆವು. ಅದೂ ಒಂಥರ ಚೆನ್ನಾಗಿತ್ತು.

ಸಂಜೆ ದೂರದಿಂದ ಅತ್ತೆಯನ್ನು ಕಂಡೆ. ಸೀರೆ ಎತ್ತಿ ಕಟ್ಟಿಕೊಂಡು, ಮೊಳಕಾಲು ಮುಳುಗುವ ನೀರಿನಲ್ಲಿ ಒಬ್ಬರೇ ನಿಂತು, ತೆರೆ ಬಂದಾಗಲೆಲ್ಲ ಚಿಕ್ಕ ಹುಡುಗಿಯ ಹಾಗೆ ಕೇಕೆ ಹಾಕುತ್ತಿದ್ದರು. ನೀರೆಂದರೆ ಇಷ್ಟು ಹೆದರುವವರು! ಹತ್ತಿರ ಹೋಗೋಣವೆಂದರೆ ಮನು, ಆಷಾಢದಲ್ಲಿ ಅವರಿಗೆ ಸೊಸೆಯ ಮುಖ ನೋಡುವುದೂ ಅಷ್ಟು ಸರಿಬರುವುದಿಲ್ಲ ಅಂದ. ಮರಳಿಗೆ ಹೊಸ್ತಿಲಿಲ್ಲವಲ್ಲ ಅಂದೆ. ನಕ್ಕ. ಅವನು ನಕ್ಕರೆ ಗಲ್ಲದಲ್ಲಿ ಗುಳಿ ಬೀಳುತ್ತದೆ.

ಜುಲೈ 1, ಮಂಗಳವಾರ

ಮಳೆ. ಹಡಗು ರದ್ದು. ರೊಟ್ಟಿ.

ಮನು ಇನ್ನೂ ಹೇಳಿಲ್ಲ. ನಿನ್ನೆ ಅವ್ವನಿಗೆ ತಲೆನೋವಿತ್ತು, ಇವತ್ತು ಹಡಗಿನ ಚಿಂತೆ. ಮಂದಾರಾ ಮೆಸೇಜು ಹಾಕಿದ್ದಾಳೆ. ಉತ್ತರ ಬರೆದು ಅಳಿಸಿದೆ.

ಜುಲೈ 2, ಬುಧವಾರ

ಕೂದಲು ಇನ್ನೂ ಒದ್ದೆ, ಆದರೂ ಬರೆಯಬೇಕು.

ಮಧ್ಯಾಹ್ನ ಗಾಳಿ ಎದ್ದಿತು. ನಮ್ಮ ಕಾಟೇಜಿನ ಸೂರಿನ ತಗಡು ಒಂದೊಂದಾಗಿ ಎದ್ದು ಹಾರಿತು. ಮ್ಯಾನೇಜರ್ ಓಡಿಬಂದು, ಎಲ್ಲರೂ ಊಟದ ಮನೆಗೆ ಬನ್ನಿ, ಗಟ್ಟಿ ಕಟ್ಟಡ ಅದೊಂದೇ ಅಂದ. ನಾನು, ಮನು ಓಡಿ ಒಳಗೆ ಹೋದೆವು. ಮಾವ ಮೊದಲೇ ಅಲ್ಲಿದ್ದರು. ಅತ್ತೆ ಇರಲಿಲ್ಲ.

ಕಿಟಕಿಯಿಂದ ನೋಡಿದರೆ ಅತ್ತೆ ಹೊರಗೆ, ಬಾದಾಮಿ ಮರದ ಬುಡದಲ್ಲಿ, ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಲೆಯ ಮೇಲೆ ಹಿಡಿದು ನಿಂತಿದ್ದಾರೆ. ಮೈಯೆಲ್ಲ ತೊಪ್ಪೆ. ಕೊಂಬೆಗಳು ಮುರಿದು ಬೀಳುತ್ತಿದ್ದವು.

“ಮನೂ, ಅತ್ತೆ ಯಾಕೆ ಒಳಗೆ ಬರ್ತಿಲ್ಲ?”

“ನೀ ಇದ್ದೀಯಲ್ಲ ಒಳಗ. ಆಷಾಢ. ಅವ್ವ ಒಪ್ಪೂದಿಲ್ಲ.”

“ಹಾಗಾದರೆ ನಾನು ಹೊರಗೆ ಹೋಗ್ತೀನಿ, ಅವರು ಬರಲಿ.”

“ನಿಂದ್ರು, ನಿಂದ್ರು. ಏನರ ಮಾಡೂಣು.” ಅವನು ಅಪ್ಪನ ಮುಖ ನೋಡಿದ. ಮಾವ, “ಗಾಳಿ ಕಡಿಮಿ ಆಗ್ತದ ತಗೋ,” ಅಂದರು. ಇಬ್ಬರೂ ಒಂದೇ ರೀತಿ ತಲೆ ಕೆರೆದುಕೊಂಡರು.

ನಾನು ಯೋಚಿಸಲಿಲ್ಲ. ಆ ಹೊಸ್ತಿಲನ್ನು ಹಾರಿ ಹೊರಗೆ ಓಡಿದೆ. “ಅತ್ತೆ, ಒಳಗೆ ಹೋಗಿ! ನಾನು ಇಲ್ಲೇ ಇರ್ತೀನಿ!”

“ನೀ ಯಾಕ ಬಂದಿ? ಹೋಗವಾ ಒಳಗ, ನೆನೀಬ್ಯಾಡ! ನಿಮ್ಮವ್ವಗ ಗೊತ್ತಾದ್ರ ಏನಂದಾಳು?”

“ಅಮ್ಮನಾ? ಅಮ್ಮ ಏನೂ ಅನ್ನಲ್ಲ. ನಿಮಗೆ ಅಲ್ವಾ ಆಗದೇ ಇರೋದು?”

“ನನಗ?” ಅತ್ತೆ ಕುರ್ಚಿ ಇಳಿಸಿದರು. “ನನಗೇನು ಆಗ್ತದ? ನಮ್ಮ ಕಡಿ ಸೊಸಿ ಐದು ದಿವಸ ತವರಿಗೆ ಹೋಗಿ ಬಂದ್ರ ಆಷಾಢ ಮುಗೀತು. ನಿಮ್ಮ ತಿಪಟೂರು ಕಡಿನೇ ಭಾಳ ಬಿಗಿ, ಆಕಿ ಮಾರಿ ಸುದ್ದಾ ನೋಡಬಾರದು ಅಂತ ಮನು ಅಂದನಲ್ಲ!”

ನಾವಿಬ್ಬರೂ ಮಳೆಯಲ್ಲಿ ಒಬ್ಬರನ್ನೊಬ್ಬರು ನೋಡುತ್ತ ನಿಂತೆವು. ಪಕ್ಕದಲ್ಲೇ ಒಂದು ಕೊಂಬೆ ಬಿತ್ತು. ಅತ್ತೆ ನನ್ನ ಕೈ ಹಿಡಿದು ಎಳೆದರು. ಆ ಎತ್ತರದ ಹೊಸ್ತಿಲನ್ನು ಒಬ್ಬರೇ ದಾಟುವುದು ಕಷ್ಟ, ಸೀರೆ ಒದ್ದೆಯಾಗಿದ್ದರಂತೂ ಆಗುವುದೇ ಇಲ್ಲ. ಒಬ್ಬರನ್ನೊಬ್ಬರು ಹಿಡಿದುಕೊಂಡೇ ದಾಟಿದೆವು.

ಒಳಗೆ ಯಾರೋ ಬಿಸಿ ಚಹಾ ಕೊಟ್ಟರು. ಮನು ಟವೆಲು ತರುತ್ತೇನೆಂದು ಹೋದವನು ಬರಲಿಲ್ಲ.

“ಅತ್ತೆ, ಒಂದು ಕೇಳಲಾ? ನೀವೇ ಅಲ್ವಾ ಸಮುದ್ರ ನೋಡಬೇಕು ಅಂತ ಆಸೆಪಟ್ಟು ಬಂದಿದ್ದು?”

“ಹೊಸ ಜೋಡಿ ನಡುವ ನಾವ್ಯಾಕೊ ಅಂತ ನಾ ಬಡಕೊಂಡೆ. ನೀವು ಬರ್ಲಿಲ್ಲಂದ್ರ ಇಂಪನಾ ಕಾಲು ಹೊರಗ ಇಡೂದಿಲ್ಲ ಅಂದ.”

“ದೋಣಿ?”

“ನೀ ನೀರಂದ್ರ ಅಂಜತೀಯಂತಲ್ಲ. ಹತ್ತಬೇಕಂತ ನನಗ ಭಾಳ ಇತ್ತು. ಆದ್ರ ಸೊಸಿ ಬಿಟ್ಟು ಹ್ಯಾಂಗ ಹೋಗ್ಲಿ?”

“ರೊಟ್ಟಿ?”

“ಅಯ್ಯ, ನೀ ನನ್ನ ರೊಟ್ಟಿ ಬಿಟ್ಟು ಏನೂ ಮುಟ್ಟೂದಿಲ್ಲಂತ ವಾರಗಟ್ಲೆ ಬಡದೀನವಾ! ನನಗೂ ಇಲ್ಲಿ ಬಿಸಿ ಅನ್ನ ಉಣ್ಣಬೇಕಂತ ಜೀವ ಒದ್ದಾಡ್ಲಿಕ್ಕತ್ತದ.”

ನನಗೆ ನಗು ಬಂತು. ಅತ್ತೆಗೂ ಬಂತು. ಇನ್ನೊಂದು ಪ್ರಶ್ನೆ ಉಳಿದಿತ್ತು. ಅದನ್ನು ಕೇಳುವಾಗ ನಗು ಇರಲಿಲ್ಲ. “ನಾವು ಬೇರೆ ಮನೆ ಮಾಡಿದರೆ ನಿಮ್ಮ ಎದೆ ಒಡೆಯುತ್ತಾ ಅತ್ತೆ?”

ಅತ್ತೆ ಚಹಾದ ಲೋಟವನ್ನು ಕೆಳಗಿಟ್ಟರು. “ಮದುವಿ ಮಾತು ಆದ ದಿವಸನೇ ನಾ ಅವಗ ಅಂದೀನಿ, ಬ್ಯಾರೆ ಮನಿ ನೋಡ್ಕೋ, ಆಕಿಗೂ ತನ್ನದು ಅಂತ ಒಂದು ಒಲಿ ಇರ್ಲಿ ಅಂತ. ಇಲ್ಲವಾ, ಆಕಿಗೆ ಎಲ್ಲರ ಜೋಡಿನೇ ಇರಬೇಕಂತ ಹಟ ಅದ ಅಂದ.”

ಆಮೇಲೆ ತಮ್ಮ ಅತ್ತೆಯ ಕಥೆ ಹೇಳಿದರು. ಇಪ್ಪತ್ತೆರಡು ವರ್ಷ ಒಂದೇ ಮನೆ. ನಡುವೆ ನನ್ನ ಮಾವ. ಅವ್ವಗ ನೀ ಅಡಗಿಮನಿಗೆ ಬರೂದು ಸೇರೂದಿಲ್ಲ ಎಂದು ಇವರಿಗೆ, ಆಕಿಗೆ ನಿನ್ನ ಕೈ ಅಡಗಿ ಸೇರೂದಿಲ್ಲ ಎಂದು ತಮ್ಮ ತಾಯಿಗೆ. “ದವಾಖಾನಿಯೊಳಗ ಕಡೀ ದಿವಸ ಆ ಮುದುಕಿನೇ ನನ್ನ ಕೇಳಿದ್ಳು, ಭುವನಾ, ನನ್ನ ಕೈ ಅಡಗಿ ನಿನಗ ಯಾಕ ಸೇರಲಿಲ್ಲ ಅಂತ. ಹೇಳ್ಬೇಕಂದ್ರ ಆಕಿಗೆ ಕೇಳೂ ಶಕ್ತಿ ಇರಲಿಲ್ಲ.”

ಮಾವ ಜನರೇಟರ್ ರಿಪೇರಿ ಮಾಡಿದರಂತೆ, ದೀಪ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಜುಲೈ 3, ಗುರುವಾರ

ಮನು ಅತ್ತ. ನನ್ನ ಮುಂದೆ ಅತ್ತ, ಅವ್ವನ ಮುಂದೆ ಅಳಲಿಲ್ಲ. “ಇಬ್ಬರಿಗೂ ಬ್ಯಾಸರ ಆಗಬಾರದಂತ ಮಾಡಿದೆ ಇಂಪು,” ಅಂದ. ನಿಜವೇ ಇರಬೇಕು. ನಮ್ಮಿಬ್ಬರಿಗೂ ಒಂದು ದಿನವೂ ಬೇಸರ ಆಗಿರಲಿಲ್ಲವಲ್ಲ.

ಅವನ ಮೇಲೆ ಕೋಪ ಬಂದಿಲ್ಲ. ಬರಬೇಕಿತ್ತೋ ಏನೋ. ಹಸಿವಾಗಿತ್ತು. ಅತ್ತೆ, ನಾನು ಒಂದೇ ಮೇಜಿನಲ್ಲಿ ಕೂತು ಅನ್ನ, ಬೇಳೆ ಸಾರು ಎರಡೆರಡು ಸಲ ಹಾಕಿಸಿಕೊಂಡೆವು.

ಜುಲೈ 4, ಶುಕ್ರವಾರ

ಸಮುದ್ರ ಸುಮ್ಮನಾಗಿದೆ. ಗಾಜಿನ ದೋಣಿ ಹತ್ತಿದೆವು, ಅತ್ತೆ ಮತ್ತು ನಾನು. ಮನು ದಡದಲ್ಲಿ ನಮ್ಮ ಚಪ್ಪಲಿ ಕಾಯುತ್ತ ಕೂತ. ಅವನಿಗೆ ನೀರೆಂದರೆ ಭಯವಂತೆ. ಚಿಕ್ಕಂದಿನಿಂದಲೂ! ಅತ್ತೆ ಹೇಳಿದ್ದು.

ಹಳದಿ ಪಟ್ಟೆಯ ಒಂದು ಮೀನು ನಮ್ಮ ಕಾಲ ಕೆಳಗೇ ಬಂದು ನಿಂತಿತು. ಅತ್ತೆ ಬಗ್ಗಿ ಗಾಜಿಗೆ ಮೂಗು ಒತ್ತಿ, “ಏ, ನಿನ್ನ ಗಂಡ ಎಲ್ಲದಾನ?” ಎಂದು ಅದನ್ನು ಕೇಳಿದರು. ದೋಣಿಯವನಿಗೆ ಕನ್ನಡ ಬರದಿದ್ದರೂ ನಕ್ಕ. ನಾನು ನಕ್ಕು ನಕ್ಕು ಅತ್ತೆಯ ಹೆಗಲ ಮೇಲೆ ಬಿದ್ದೆ. ಇಡೀ ಪ್ರವಾಸದಲ್ಲಿ ನನ್ನ ಅತ್ಯಂತ ಚೆಂದದ ಫೋಟೊ ಇವತ್ತಿನದೇ. ಹನಿಮೂನ್ ಫೋಟೊ ಎಲ್ಲಿ ಎಂದು ಆಫೀಸಿನಲ್ಲಿ ಕೇಳಿದರೆ ಯಾವುದನ್ನು ತೋರಿಸಲಿ?

ಜುಲೈ 13, ಭಾನುವಾರ. ನಿಗಡಿ

ತವರಿಗೆ ಹೋಗಲಿಲ್ಲ. “ದಾಟಿದ್ದು ದಾಟೀವಿ, ಇನ್ನೇನು,” ಅಂದರು ಅತ್ತೆ. ಅಮ್ಮ ಫೋನಿನಲ್ಲಿ ಗೊಣಗಿದಳು. ಅತ್ತೆಯೇ ಫೋನು ತೆಗೆದುಕೊಂಡು ಅವಳ ಜೊತೆ ಮಾತಾಡಿದರು. ಇಬ್ಬರೂ ಅರ್ಧ ಗಂಟೆ ಯಾವುದೋ ಉಪ್ಪಿನಕಾಯಿಯ ಬಗ್ಗೆ ಮಾತಾಡಿದರು.

ಮಂದಾರಾಗೆ ನಾನೇ ಹೇಳಿದೆ, ಶ್ರಾವಣದ ಮೊದಲ ದಿನ ಬರುತ್ತೇವೆ ಅಂತ. ‘ಬರುತ್ತೇವೆ’ ಅಂದೆನೋ, ‘ಬರುತ್ತೇನೆ’ ಅಂದೆನೋ ನೆನಪಿಲ್ಲ. ಮನು ಕೇಳಿ “ಛಲೋ ಆತು” ಅಂದ. ಆಮೇಲೆ ಬಾಲ್ಕನಿಗೆ ಹೋಗಿ ತುಂಬ ಹೊತ್ತು ನಿಂತ.

ಜುಲೈ 20, ಭಾನುವಾರ

ತಳೇಗಾಂವದಲ್ಲಿ ಅತ್ತೆಯ ಜೊತೆ ಪರದೆ ಅಳತೆ. ಮನುಗೆ ಬೇರೆ ಕೆಲಸ ಇತ್ತು.

ಜುಲೈ 25, ಶುಕ್ರವಾರ. ತಳೇಗಾಂವ

ಇವತ್ತಿನದನ್ನು ನಿಧಾನವಾಗಿ ಬರೆಯುತ್ತೇನೆ. ಬಾಲ್ಕನಿಯಲ್ಲಿ ಕೂತಿದ್ದೇನೆ. ಬೆಟ್ಟ ಮೋಡದಲ್ಲಿದೆ.

ಬೆಳಿಗ್ಗೆ ನಿಗಡಿಯಲ್ಲಿ ಅವಧೂತ ಟೆಂಪೊ ತಂದ. ಅವನು ಅಲ್ಲೇ ಪಕ್ಕದ ಓಣಿಯವನು. ಮಾವ ಸಾಮಾನಿಗೆ ಹಗ್ಗ ಬಿಗಿಯುತ್ತಿದ್ದರು. ಮನು ನನ್ನನ್ನು ಪಕ್ಕಕ್ಕೆ ಕರೆದ. “ಅವ್ವ ಮುಂಜಾನಿಂದ ಅಳ್ಳಿಕ್ಕತ್ಯಾಳ. ಇನ್ನೊಂದು ಹದಿನೈದು ದಿವಸ ಮುಂದ ಹಾಕೂಣೇನು?”

ಒಳಗೆ ಹೋಗಿ ನೋಡಿದೆ. ಅತ್ತೆಯ ಕಣ್ಣಲ್ಲಿ ನೀರಿತ್ತು ನಿಜ. ಈರುಳ್ಳಿ ಹೆಚ್ಚುತ್ತಿದ್ದರು.

“ಅತ್ತೆ, ಅಳ್ತಿದ್ದೀರಂತೆ?”

“ಉಳ್ಳಾಗಡ್ಡಿಗೆ,” ಅಂದರು. ಚಾಕು ಕೆಳಗಿಟ್ಟು ನನ್ನ ಹಿಂದೆಯೇ ಹೊರಗೆ ಬಂದರು.

ನಾನು ಟೆಂಪೊ ಹತ್ತಿ ಮುಂದೆ ಕೂತೆ. ಅವಧೂತ ಎಂಜಿನ್ ಶುರು ಮಾಡಿ, ಮರಾಠಿಯಲ್ಲಿ, “ವಹಿನಿ, ದಾದಾ ಬರ್ತಾರಾ?” ಎಂದು ಕೇಳಿದ. ವಹಿನಿ ನಾನು, ದಾದಾ ಮನು. ಒಂದು ತಿಂಗಳ ಹಿಂದಾಗಿದ್ದರೆ ಮನು ಬಗ್ಗೆ ನಾನೇ ಏನಾದರೂ ಚೆಂದದ ಮಾತು ಹೇಳುತ್ತಿದ್ದೆ. “ಅವರನ್ನೇ ಕೇಳಿ,” ಅಂದೆ.

ಮನು ಟೆಂಪೊ ಮತ್ತು ಗೇಟಿನ ನಡುವೆ ನಿಂತಿದ್ದ. ಮೊದಲು ಆ ಕಡೆ ತಿರುಗಿದ. “ಅವ್ವಾ, ಇಂಪನಾಗ ಇವತ್ತೇ ಹೋಗೂದು ಅಷ್ಟು ಮನಸಿಲ್ಲ…”

“ನಾನು ಇಲ್ಲೇ ಕೂತಿದ್ದೀನಿ ಮನೂ,” ಅಂದೆ.

ಈ ಕಡೆ ತಿರುಗಿದ. “ಇಂಪು, ಅವ್ವಗ ನಾ ಇಲ್ಲಂದ್ರ…”

“ಇಲ್ಲೇ ನಿಂತೀನೊ ನಾ,” ಅಂದರು ಅತ್ತೆ.

ಮಾವ ಹಗ್ಗ ಹಿಡಿದುಕೊಂಡೇ ನೆಲ ನೋಡಿದರು. ಅವಧೂತ ಎಂಜಿನ್ ಆರಿಸಿದ. ಎದುರು ಮನೆಯ ಕುಕ್ಕರ್ ಕೂಗಿ ನಿಂತಿತು. ಮನುಗೆ ಸಹಾಯ ಮಾಡಬೇಕೆಂದು ನನ್ನ ನಾಲಿಗೆ ಒದ್ದಾಡುತ್ತಿತ್ತು, ಅತ್ತೆಯದೂ ಒದ್ದಾಡಿರಬೇಕು, ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು.

ಕೊನೆಗೆ ಮನು ನಮ್ಮಿಬ್ಬರನ್ನೂ ಬಿಟ್ಟು ಟೆಂಪೊದ ಚಕ್ರ ನೋಡುತ್ತ ಹೇಳಿದ:

“ನನಗ ಅಂಜಿಕಿ ಆಗ್ತದ. ಈ ಮನಿ ಬಿಟ್ಟು ನಾ ಎಲ್ಲೂ ಇದ್ದಿಲ್ಲ.”

ಯಾರಿಗೆ ಹೇಳಿದನೋ. ಇಬ್ಬರಿಗೂ ಕೇಳಿಸಿತು.

ಅತ್ತೆ ಗೇಟು ಮುಂದೆ ಮಾಡಿ ಒಳಗೆ ಹೋದರು. ನಾನು ಸೀಟಿನಲ್ಲಿ ಇನ್ನೊಬ್ಬರಿಗೆ ಜಾಗವಾಗುವಷ್ಟು ಒಳಗೆ ಸರಿದು ಕೂತೆ.